ಕ್ಯಾಲೆಂಡರಿನ ಬೆನ್ನ ಮೇಲಿನ ಹನಿ

ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಅತ್ತಿಗೆ. ಅವರ ಗಂಡನಿಗಿಂತ ಹತ್ತು ವರ್ಷ ದೊಡ್ಡವನಾದ, ತಲೆಯೆಲ್ಲ ನೆರೆತ, ಪಕ್ಕದ ಗ್ಯಾರೇಜಿನ ಗೊಣಗು ಮೇಸ್ತ್ರಿಗೂ ಅತ್ತಿಗೆಯೇ. ಗಂಡ ಬಿಡಿಭಾಗಗಳ ಅಂಗಡಿ ತೆರೆದ ಹೊಸದರಲ್ಲಿ ಗ್ಯಾರೇಜಿನವರೆಲ್ಲ ಆತನನ್ನು ಅಣ್ಣ ಎಂದು ಕರೆದರು. ಅಣ್ಣನ ಹೆಂಡತಿ ಬೇರೇನಾಗಲು ಸಾಧ್ಯ? ಹೀಗೆ ಮದುವೆಯಾಗಿ ಬಂದ ಒಂದೇ ವರ್ಷದಲ್ಲಿ ಅವರಿಗೆ ನಲವತ್ತು ಮಂದಿ ಮೈದುನರಾದರು. ನಿಜವಾದ ನಾದಿನಿ ಮಾತ್ರ ಒಬ್ಬಳೇ. ಅವರ ನಿದ್ದೆ ಕೆಡಿಸಿದವಳು ಆ ಒಬ್ಬಳು.

ಅಂಗಡಿ ಉದ್ದನೆಯ, ಇಕ್ಕಟ್ಟಾದ ಕೋಣೆ. ಬಾಗಿಲ ಬಳಿಯ ಅರ್ಧದಲ್ಲಿ ಬೇರಿಂಗು, ಬೆಲ್ಟು, ಬಲ್ಬುಗಳ ನಡುವೆ ಅಣ್ಣ ಕೂರುತ್ತಿದ್ದರು. ಒಳಗಿನ ಅರ್ಧ ಅತ್ತಿಗೆಯದು. ಅಲ್ಲಿ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಎಂಜಿನ್ ಆಯಿಲ್ ಡಬ್ಬಿಗಳು, ಈ ತುದಿಯಲ್ಲಿ ತೀರಾ ತೆಳುವಾದದ್ದು, ಆ ತುದಿಯಲ್ಲಿ ತೀರಾ ಗಟ್ಟಿಯಾದದ್ದು. ಆಯಿಲ್ ಕೇಳಿಕೊಂಡು ಬಂದವರಿಗೆ ಅತ್ತಿಗೆ ತಕ್ಷಣ ಡಬ್ಬಿ ಇಳಿಸಿಕೊಟ್ಟದ್ದೇ ಇಲ್ಲ. ಮೊದಲು ಮೂರು ಪ್ರಶ್ನೆ. ಗಾಡಿ ಯಾವುದು? ಬೆಳಿಗ್ಗೆ ಸ್ಟಾರ್ಟ್ ಮಾಡಿ ಎಷ್ಟು ಹೊತ್ತಿಗೆ ಹೊರಡುತ್ತೀರಿ? ಓಡಿಸುವುದಾದರೆ ಎಷ್ಟು ಜೋರಾಗಿ? ಮೂರನೆಯ ಪ್ರಶ್ನೆಗೆ ಗಂಡಸರು ಸುಳ್ಳು ಹೇಳುತ್ತಾರೆಂದು ಗೊತ್ತಿದ್ದರಿಂದ ಹೊರಗೆ ಹೋಗಿ ಟೈರು ನೋಡಿ ಬರುತ್ತಿದ್ದರು.

ಓದಿದ್ದು ಹತ್ತನೇ ತರಗತಿ. ಆದರೆ ಡಬ್ಬಿಯ ಮೇಲಿನ ಎರಡು ನಂಬರುಗಳನ್ನು ಅವರಷ್ಟು ಸುಲಭವಾಗಿ ತಿಳಿಸಿಹೇಳಿದವರನ್ನು ನಾನು ಕಂಡಿಲ್ಲ. ಮೊದಲನೆಯದು ಬೆಳಿಗ್ಗೆ ಎಷ್ಟು ಬೇಗ ಏಳುತ್ತಾನೆ ಎಂಬುದು, ಎರಡನೆಯದು ಮಧ್ಯಾಹ್ನದ ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದು, ಎನ್ನುತ್ತಿದ್ದರು. ಮೊದಲ ನಂಬರು ಸಣ್ಣದಿದ್ದಷ್ಟೂ ಎಣ್ಣೆ ಚಳಿಯಲ್ಲಿ ಬೇಗ ಹರಿಯುತ್ತದೆ. ಎರಡನೆಯದು ದೊಡ್ಡದಿದ್ದಷ್ಟೂ ಕಾದಾಗ ನೀರಾಗದೆ ಗಟ್ಟಿ ನಿಲ್ಲುತ್ತದೆ. ಬರೀ ಗಟ್ಟಿ ಎಂದು ಕೊಂಡರೆ ಬೆಳಿಗ್ಗೆ ಏಳದ ಅಳಿಯನನ್ನು ಮನೆಗೆ ತಂದುಕೊಂಡ ಹಾಗೆ.

ಅವರ ಹೆಸರು ಬೀದಿ ದಾಟಿ ಹೋದದ್ದು ಹನಿಯಿಂದ. ಎಂಜಿನ್ ಹತ್ತು ನಿಮಿಷ ಓಡಿದ ಮೇಲೆ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಅದರ ತುದಿಯಿಂದ ಒಂದೇ ಒಂದು ಹನಿಯನ್ನು ಕಾಗದದ ಮೇಲೆ ಬೀಳಿಸುತ್ತಿದ್ದರು. ಕಾಗದ ಎಂದರೆ ಹಳೇ ಕ್ಯಾಲೆಂಡರಿನ ಬೆನ್ನು, ಅದರಲ್ಲೂ ದಪ್ಪ ಹಾಳೆಯದು; ತೆಳು ಹಾಳೆಯಲ್ಲಿ ಸುತ್ತುಗಳು ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಅಡಿಯಲ್ಲಿ ಏನೂ ತಾಗದಂತೆ ಅದನ್ನು ಲೋಟದ ಬಾಯಿಯ ಮೇಲಿಟ್ಟು ಬಿಟ್ಟರೆ ನಾಲ್ಕಾರು ಗಂಟೆಯಲ್ಲಿ ಹನಿ ಹರಡಿ ಸುತ್ತುಗಳಾಗುತ್ತಿತ್ತು. ನಡುವಿನ ಕಪ್ಪು, ಅದರಾಚೆಯ ಕಂದು, ಕೊನೆಯ ತಿಳಿ ಅಂಚು. ಮಸಿ ಹೆಚ್ಚೇ, ನೀರು ಸೇರಿದೆಯೇ, ಪೆಟ್ರೋಲ್ ಇಳಿದು ಎಣ್ಣೆ ತೆಳುವಾಗಿದೆಯೇ, ಎಲ್ಲವನ್ನೂ ಅತ್ತಿಗೆ ಆ ಸುತ್ತುಗಳಲ್ಲಿ ಓದುತ್ತಿದ್ದರು. ವರ್ಷದ ಕೊನೆಗೆ ಬೀದಿಯ ಮನೆಗಳವರು ಹಳೇ ಕ್ಯಾಲೆಂಡರುಗಳನ್ನು ತಂದು ಅವರಿಗೆ ಕೊಡುತ್ತಿದ್ದರು.

ಅತ್ತಿಗೆ ಹದಿನೇಳಕ್ಕೆ ಮದುವೆಯಾಗಿ ಬಂದಾಗ ನಾದಿನಿಗೆ ಆರು ವರ್ಷ. ಜಡೆ ಹೆಣೆದು ಶಾಲೆಗೆ ಕಳಿಸಿದವರು ಅತ್ತಿಗೆಯೇ. ಸಂಜೆ ಅದೇ ಕೌಂಟರಿನ ಮೂಲೆಯಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸಿದ್ದರು. ಸುಟ್ಟ ಎಣ್ಣೆಯ ವಾಸನೆ ಹೇಗಿರುತ್ತದೆ, ಪೆಟ್ರೋಲ್ ಸೇರಿದರೆ ಹೇಗಿರುತ್ತದೆ ಎಂದು ಬೆರಳನ್ನು ಅವಳ ಮೂಗಿಗೆ ಹಿಡಿದು ಕಲಿಸಿದ್ದೂ ಅವರೇ. ಹುಡುಗಿ ಓದಿದಳು. ರಸಾಯನಶಾಸ್ತ್ರ ಓದಿ, ಯಂತ್ರಗಳ ಎಣ್ಣೆಯನ್ನು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸ ಹಿಡಿದು, ದೂರದೂರಲ್ಲಿ ಆರು ವರ್ಷ ಇದ್ದು, ಈ ವರ್ಷ ವರ್ಗವಾಗಿ ಮನೆಗೇ ಬಂದಳು. ಮಾಳಿಗೆಯ ಕೋಣೆಯಲ್ಲಿ ಅವಳ ಮೇಜು, ಪುಸ್ತಕ, ಗಾಜಿನ ಸಣ್ಣ ಸೀಸೆಗಳು.

ಮನೆಯಿಂದ ಮೊದಲು ಕಾಲೇಜಿಗೆ ಹೋದವರನ್ನು ಕಂಡರೆ ಮನೆಯವರಿಗೆ ಹೆಮ್ಮೆಯೂ ಒಂದು ಸಣ್ಣ ಉರಿಯೂ ಒಟ್ಟಿಗೇ ಇರುತ್ತವೆ. ಅವು ಒಂದರ ಪಕ್ಕ ಒಂದು ಕೂತು ಎಷ್ಟೋ ಕಾಲ ಜಗಳವಾಡದೆ ಇರಬಲ್ಲವು. ಅತ್ತಿಗೆಯಲ್ಲಿ ಜಗಳ ಶುರುವಾದದ್ದು ‘ಮೇಡಂ’ ಎಂಬ ಪದದಿಂದ. ನಾದಿನಿ ರಜೆಯ ದಿನ ಅಂಗಡಿಯಲ್ಲಿ ಕೂತಾಗ ಗೊಣಗು ಮೇಸ್ತ್ರಿ ಅವಳನ್ನು ಮೇಡಂ ಎಂದ. ಮಾರನೆಯ ವಾರ ಎಲ್ಲರೂ ಎಂದರು. ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬನೂ ತಮ್ಮನ್ನು ಮೇಡಂ ಎಂದಿರಲಿಲ್ಲವೆಂಬುದು ಅತ್ತಿಗೆಗೆ ಆವತ್ತೇ ಹೊಳೆದದ್ದು.

ಆಮೇಲೆ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಅವಳು ಬಂದರೆ ಯಾರೋ ಕುರ್ಚಿ ಒರೆಸುತ್ತಾರೆ. ಅವಳು ಎಣ್ಣೆ ಮುಟ್ಟುವಾಗ ಕೈಗೆ ಗ್ಲೌಸು, ತಮ್ಮ ಉಗುರಿನಡಿಯ ಕಪ್ಪು ಗೆರೆಯೋ ಯಾವ ಸೋಪಿಗೂ ಜಗ್ಗುವುದಿಲ್ಲ. ಅತ್ತಿಗೆ ದಿನಕ್ಕೆ ಎಷ್ಟು ಮಂದಿ ‘ಮೇಡಂ ಇಲ್ವಾ?’ ಎಂದು ಕೇಳಿದರೆಂದು ಎಣಿಸತೊಡಗಿದರು. ಗುರುವಾರ ಮೂವರು. ಶುಕ್ರವಾರ ಐವರು, ಅವರಲ್ಲಿ ಒಬ್ಬ ಬಲ್ಬು ಕೊಳ್ಳಲು ಬಂದವನು. ನಾದಿನಿಯ ಬಿಳಿ ಕೋಟನ್ನು ಒಗೆದು ಒಣಹಾಕುವಾಗ ಬೀದಿಗೆ ಕಾಣದಂತೆ ಬೆಡ್‌ಶೀಟಿನ ಹಿಂದೆ ಹಾಕುತ್ತಿದ್ದರು. ಅಣ್ಣನಿಗೆ ಇದು ತಿಳಿಯದೆ ಇರಲಿಲ್ಲ. ನಮ್ಮನೆಯಲ್ಲಿ ಎಣ್ಣೆಗೇನೂ ಬರವಿಲ್ಲ, ಸೀಗೆಕಾಯಿಯೂ ಬಂದಾಯಿತು ಎಂದು ಒಮ್ಮೆ ನಕ್ಕರು. ಅತ್ತಿಗೆ ನಗಲಿಲ್ಲ. ಇಬ್ಬರಲ್ಲಿ ಸೀಗೆಕಾಯಿ ಯಾರು ಎಂದು ಅವರು ಹೇಳಿರಲಿಲ್ಲ.

ನಾದಿನಿಗೆ ಮಾತ್ರ ಇದ್ಯಾವುದರ ಸುಳಿವೂ ಇರಲಿಲ್ಲ. ಅವಳಿಗೆ ಅತ್ತಿಗೆ ಈಗಲೂ ಜಡೆ ಹೆಣೆದ ಅತ್ತಿಗೆಯೇ.

ಇಂಥ ದಿನಗಳಲ್ಲಿ ಡ್ರೈವಿಂಗ್ ಮೇಷ್ಟ್ರ ಹಳದಿ ಕಾರು ನಡುವೆ ಬಂತು.

ಮೇಷ್ಟ್ರು ಬೀದಿಯ ಕೊನೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವರು. ವಾರವಿಡೀ ಪಕ್ಕದ ಸೀಟಿನಲ್ಲಿ ಕೂತು ‘ನಿಧಾನ, ನಿಧಾನ’ ಎಂದು ಗಂಟಲು ಹರಿದುಕೊಳ್ಳುವ ಮನುಷ್ಯ. ಅದರ ಸೇಡನ್ನು ಭಾನುವಾರ ತೀರಿಸಿಕೊಳ್ಳುತ್ತಿದ್ದರು. ಏಳು ವರ್ಷ ಕಾದು, ಯಾರೋ ಓಡಿಸಿ ಬಿಟ್ಟ ಟರ್ಬೊ ಎಂಜಿನ್ನಿನ ಕಾರೊಂದನ್ನು ಕೊಂಡು, ತಾವೇ ಬಿಚ್ಚಿ ಕಟ್ಟಿ ಹುರಿಗೊಳಿಸಿದ್ದರು. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ತುಂಬುವ ಒಂದು ಪುಟ್ಟ ಚಕ್ರ. ಅದು ಎಷ್ಟು ವೇಗವಾಗಿ ತಿರುಗುತ್ತದೆಂದರೆ ಎಣ್ಣೆ ತಲುಪುವುದು ಸ್ವಲ್ಪ ತಡವಾದರೂ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಆ ಕಾರಿಗೆ ಮೊದಲಿನಿಂದಲೂ ಎಣ್ಣೆ ಹೇಳಿದವರು ಅತ್ತಿಗೆ. ಐದು-ನಲವತ್ತು, ಅದೂ ಪೂರ್ತಿ ಸಿಂಥೆಟಿಕ್. ಈಗ ಮೇಷ್ಟ್ರು ಮೊದಲ ಸಲ ಗುಡ್ಡದ ರಸ್ತೆಯ ಪಂದ್ಯಕ್ಕೆ ಹೆಸರು ಕೊಟ್ಟಿದ್ದರು. ಭಾನುವಾರ ಬೆಳಗಿನ ಚಳಿಯಲ್ಲಿ ಗಡಿಯಾರ ಹಿಡಿದು ಒಂದೊಂದೇ ಕಾರನ್ನು ಮೇಲಕ್ಕೆ ಬಿಡುವ ಪಂದ್ಯ. ಅದಕ್ಕೆ ಯಾವ ಎಣ್ಣೆ ಎಂದು ಕೇಳಲು ಹಿಂದಿನ ವಾರ ಬಂದಾಗ, ಕೌಂಟರಿನ ಮೇಲೆ ನಾದಿನಿಯ ಲ್ಯಾಬಿನ ಕಾಗದದ ಡಬ್ಬಿ ಕಂಡಿತು. ದುಂಡಗೆ ಕತ್ತರಿಸಿದ, ಹಾಲಿನಂಥ ಬಿಳಿಯ ಶೋಧಕ ಕಾಗದ.

“ನೋಡಿ ಅತ್ತಿಗೆ, ಎಷ್ಟು ನೀಟಾಗಿದೆ,” ಎಂದರು ಮೇಷ್ಟ್ರು. “ನಿಮ್ಮದ್ರಲ್ಲಿ ಹನಿ ಹಿಂದೆ ಹದಿನೇಳನೇ ತಾರೀಕು ಕಾಣುತ್ತೆ.”

ಅತ್ತಿಗೆ ನಕ್ಕು, ಆಯಿಲ್ ಯಾವಾಗ ಬದಲಾಯಿಸಬೇಕೆಂದು ಅದೇ ತಾರೀಕು ಹೇಳುತ್ತದೆ ಎಂದು ಮಾತು ತೇಲಿಸಿದರು. ಆದರೆ ಮೇಷ್ಟ್ರು ಹೋಗುವ ಮೊದಲು, ಮಂಗಳವಾರ ಕಾರಿನ ಎಣ್ಣೆಯನ್ನು ಒಂದು ಸೀಸೆಯಲ್ಲಿ ತಂದು ಮೇಡಂಗೂ ಕೊಡುತ್ತೇನೆ, ಲ್ಯಾಬಿನಲ್ಲೂ ನೋಡಲಿ ಎಂದರು. ಹತ್ತು ವರ್ಷದ ಒಡನಾಟದಲ್ಲಿ ಮೊದಲ ಸಲ ಮೇಷ್ಟ್ರಿಗೆ ಅತ್ತಿಗೆಯ ಮಾತಿನ ಮೇಲೆ ಎರಡನೆಯ ಮಾತು ಬೇಕಾಗಿತ್ತು.

ಆ ಸೋಮವಾರ ನಾದಿನಿ ಕೆಲಸಕ್ಕೆ ಹೋದ ಮೇಲೆ ಅತ್ತಿಗೆ ಮಾಳಿಗೆಗೆ ಕಸ ಗುಡಿಸಲು ಹೋದವರು ಆ ಡಬ್ಬಿಯಿಂದ ನಾಲ್ಕು ಕಾಗದ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಕೇಳಿದ್ದರೆ ಅವಳು ಇಡೀ ಡಬ್ಬಿಯನ್ನೇ ಕೊಡುತ್ತಿದ್ದಳು. ಅದೇ ಅವರಿಗೆ ಬೇಡವಾಗಿತ್ತು.

ಮಂಗಳವಾರ ಹಳದಿ ಕಾರು ಬಂದಾಗ ಹನಿ ಬಿದ್ದದ್ದು ಬಿಳಿ ಕಾಗದದ ಮೇಲೆ. ಸಂಜೆ ಅತ್ತಿಗೆ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಸುತ್ತುಗಳು ಎಂದಿಗಿಂತ ಅಗಲ, ಅಂಚು ತೀರಾ ತಿಳಿ, ತೀರಾ ದೂರದವರೆಗೆ. ಇಷ್ಟು ಹರಡಬೇಕಾದರೆ ಎಣ್ಣೆಗೆ ಪೆಟ್ರೋಲ್ ಇಳಿದಿರಲೇಬೇಕು. ಪುಸ್ತಕ ಓದಿದವಳಿಗೆ ಮುಂದಿನ ಸೋಮವಾರ ಲ್ಯಾಬಿನ ರಿಪೋರ್ಟ್ ಬರುವವರೆಗೆ ಕಾಣದ್ದು ತಮಗೆ ಮಂಗಳವಾರವೇ ಕಂಡಿತೆಂದು ಹಿಗ್ಗಾಯಿತು. ಆ ಹಿಗ್ಗಿನಲ್ಲಿ ಬೆರಳಿಗೆ ಒಂದು ಹನಿ ಸವರಿ ಮೂಸಿ ನೋಡುವ ರೂಢಿ ಮರೆತುಹೋಯಿತು.

ಬುಧವಾರ ಸಂಜೆ ನಾದಿನಿಯ ಎದುರಿಗೇ ಮೇಷ್ಟ್ರಿಗೆ ಹೇಳಿದರು.

“ಪೆಟ್ರೋಲ್ ಇಳಿದಿದೆ ಮೇಷ್ಟ್ರೇ. ಹೊಸದು ಹಾಕಿದ್ರೂ ಮತ್ತೆ ನೀರಾಗುತ್ತೆ, ಗುಡ್ಡದ ಅರ್ಧದಲ್ಲಿ ಟರ್ಬೊ ಕೈಕೊಡುತ್ತೆ. ಗಟ್ಟಿ ಹಾಕಿ. ಇಪ್ಪತ್ತು-ಅರವತ್ತು.”

ಒಂದು ಮೆಟ್ಟಿಲು ಗಟ್ಟಿಯದನ್ನು ಹೇಳಿದ್ದರೂ ನಡೆಯುತ್ತಿತ್ತು. ಆದರೆ ಮೇಷ್ಟ್ರು ಅಂಗಡಿಗೆ ಬರುವ ಮೊದಲೇ ನಾದಿನಿ, ಕಾರಿನ ಪುಸ್ತಕದಲ್ಲಿರುವ ಐದು-ನಲವತ್ತೇ ಸಾಕು, ಹೊಸದಾಗಿ ತುಂಬಿದರಾಯಿತು ಎಂದು ಅತ್ತಿಗೆಯ ಎದುರಿಗೇ ಅಣ್ಣನ ಹತ್ತಿರ ಅಂದಿದ್ದಳು. ಅವಳ ನಂಬರಿನಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದೆಂಬಂತೆ ಅತ್ತಿಗೆಯ ಕೈ ಹಲಗೆಯ ಕೊನೆಯ ತುದಿಗೇ ಹೋಗಿತ್ತು. ಯಾವಾಗಲೂ ಗಿರಾಕಿಗೆ ತೋರಿಸುವ ಹನಿಯ ಕಾಗದ ಆವತ್ತು ಡ್ರಾಯರಿನಲ್ಲೇ ಉಳಿಯಿತು.

ಮೇಷ್ಟ್ರು ನಾದಿನಿಯ ಮುಖ ನೋಡಿದರು.

“ನಾನಾಗಿದ್ರೆ ಐದು-ನಲವತ್ತೇ ಹಾಕ್ತಿದ್ದೆ, ಬೆಳಿಗ್ಗೆ ಚಳಿ ಇರುತ್ತಲ್ಲ,” ಎಂದಳು ಅವಳು. “ಆದ್ರೆ ನನ್ನ ರಿಪೋರ್ಟ್ ಬರೋದು ಸೋಮವಾರ. ಅತ್ತಿಗೆ ಓದಿದಾರೆ ಅಂದ್ರೆ ಪೆಟ್ರೋಲ್ ಇಳಿದೇ ಇರುತ್ತೆ. ಅವರು ಹೇಳಿದ್ದು ಹಾಕಿ.”

ಗೆದ್ದಾಯಿತು. ಗೊಣಗು ಮೇಸ್ತ್ರಿ ಹಳೆಯ ಎಣ್ಣೆ ಇಳಿಸಿ ಗಟ್ಟಿ ಎಣ್ಣೆ ತುಂಬಿದ. ಅತ್ತಿಗೆ ಎರಡು ದಿನ ಹಗುರಾಗಿ ಓಡಾಡಿದರು. ಬಿಳಿ ಕೋಟು ತಂತಿಯ ಮೇಲೆ ಬೀದಿಗೆ ಕಾಣುವಂತೆ ಒಣಗಿತು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಗುಡ್ಡದ ಮೇಲೆ ಅಭ್ಯಾಸ ಮುಗಿಸಿ ಬಂದು, ಕಾರು ಚೆನ್ನಾಗಿದೆ ಎಂದರು. ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಟಕಟಕ ಸದ್ದು, ಎಣ್ಣೆಯ ಕೆಂಪು ದೀಪ ಆರುವುದೂ ಕೊಂಚ ತಡ. ಎಷ್ಟು ತಡ ಎಂದು ಅತ್ತಿಗೆ ಕೇಳಿದರು. ಆರೇಳು ಎಣಿಸುವಷ್ಟು ಎಂದರು ಮೇಷ್ಟ್ರು, ಅದೇನೂ ದೊಡ್ಡದಲ್ಲವೆಂಬಂತೆ. ಅತ್ತಿಗೆ ಹೇಳಿದ ಎಣ್ಣೆಯಲ್ಲಿ ಐಬಿರಬಹುದೆಂದು ಅವರಿಗೆ ಅನಿಸಿಯೇ ಇರಲಿಲ್ಲ.

ಆರೇಳು ಎಣಿಸುವಷ್ಟು ಹೊತ್ತು ಆ ಪುಟ್ಟ ಚಕ್ರ ಎಣ್ಣೆಯಿಲ್ಲದೆ ತಿರುಗಿದೆ. ಮೊದಲನೆಯ ನಂಬರು. ಬೆಳಿಗ್ಗೆ ಏಳದ ಅಳಿಯ. ಇಡೀ ಬೀದಿಗೆ ಪಾಠ ಹೇಳಿದವರು ಅದನ್ನೇ ಮರೆತಿದ್ದರು.

ಆದರೂ ಪೆಟ್ರೋಲ್ ಇಳಿದದ್ದು ನಿಜವಲ್ಲವೇ ಎಂದು ತಮಗೆ ತಾವೇ ಹೇಳಿಕೊಂಡು, ಪಕ್ಕದ ಗ್ಯಾರೇಜಿಗೆ ಹೋಗಿ ಬುಧವಾರ ಇಳಿಸಿದ ಹಳೆಯ ಎಣ್ಣೆ ಇದೆಯೇ ಎಂದು ಕೇಳಿದರು. ಮೇಸ್ತ್ರಿ ಅದನ್ನು ಗೇಟಿನ ಕೀಲಿಗೆ ಬಿಡಲೆಂದು ಒಂದು ಡಬ್ಬದಲ್ಲಿ ಇಟ್ಟಿದ್ದ. ಅತ್ತಿಗೆ ಬೆರಳದ್ದಿ ಮೂಸಿದರು. ಸುಟ್ಟ ವಾಸನೆ ಸ್ವಲ್ಪ. ಪೆಟ್ರೋಲಿನ ವಾಸನೆ ಇಲ್ಲವೇ ಇಲ್ಲ.

ಹಳೆಯ ಚಮಚದಲ್ಲಿ ಆ ಎಣ್ಣೆಯನ್ನು ಬಿಸಿ ಮಾಡಿ, ಎರಡು ಲೋಟಗಳ ಮೇಲೆ ಎರಡು ಕಾಗದ ಇಟ್ಟು, ಒಂದೊಂದು ಹನಿ ಬೀಳಿಸಿದರು. ಒಂದು ಕ್ಯಾಲೆಂಡರಿನ ಬೆನ್ನು, ಇನ್ನೊಂದು ನಾದಿನಿಯ ಬಿಳಿ ಕಾಗದ. ಮಧ್ಯಾಹ್ನದವರೆಗೆ ಅವುಗಳ ಪಕ್ಕದಿಂದ ಏಳಲಿಲ್ಲ. ಕ್ಯಾಲೆಂಡರಿನ ಮೇಲೆ ಹನಿ ಬಿಗಿಯಾಗಿ ನಿಂತಿತು, ಸುತ್ತು ಅಚ್ಚುಕಟ್ಟು. ಬಿಳಿ ಕಾಗದದ ಮೇಲೆ ಅದೇ ಎಣ್ಣೆ ಅಂಚಿನವರೆಗೂ ಓಡಿಹೋಗಿತ್ತು. ಎಣ್ಣೆ ತೆಳುವಾಗಿರಲಿಲ್ಲ. ಕಾಗದ ಹೆಚ್ಚು ಕುಡಿಯುತ್ತಿತ್ತು, ಅಷ್ಟೇ.

ಸುಮ್ಮನಿರಬಹುದಿತ್ತು. ನಾಳೆ ಟರ್ಬೊ ಹೋದರೆ, ಹಳೇ ಕಾರು, ಹೋಯಿತು ಎನ್ನುತ್ತಿದ್ದರು. ಎಣ್ಣೆಯ ಮೇಲೆ, ಅದರಲ್ಲೂ ಅತ್ತಿಗೆಯ ಎಣ್ಣೆಯ ಮೇಲೆ, ಯಾರೂ ತಪ್ಪು ಹೊರಿಸುತ್ತಿರಲಿಲ್ಲ. ಮೇಷ್ಟ್ರ ಏಳು ವರ್ಷದ ಕಾಯುವಿಕೆ ನೆನಪಾಯಿತು. ಆದರೆ ಅವರನ್ನು ಕುರ್ಚಿಯಿಂದ ಎಬ್ಬಿಸಿದ್ದು ಅದಲ್ಲ, ಇನ್ನೊಂದು ಯೋಚನೆ. ಸೋಮವಾರ ರಿಪೋರ್ಟ್ ಬರುತ್ತದೆ. ಪೆಟ್ರೋಲ್ ಇಲ್ಲವೆಂದು ನಾದಿನಿ ಓದುತ್ತಾಳೆ. ಓದಿ, ಅತ್ತಿಗೆಯ ಮರ್ಯಾದೆಗೆಂದು ಯಾರಿಗೂ ಹೇಳದೆ ಆ ಹಾಳೆಯನ್ನು ಮಡಚಿಡುತ್ತಾಳೆ. ಆಮೇಲೆ ದಿನಾ ಊಟಕ್ಕೆ ಎದುರು ಕೂತು ಏನೂ ಆಗದವಳಂತೆ ನಗುತ್ತಾಳೆ. ಅವಳ ಜಾಣತನವನ್ನಾದರೂ ಸಹಿಸಬಹುದು, ಅವಳ ಕನಿಕರವನ್ನು ಸಹಿಸಲಾರೆ ಎನಿಸಿತು. ಎರಡೂ ಕಾಗದಗಳನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದರು.

ಗ್ಯಾರೇಜಿನಲ್ಲಿ ಮೇಷ್ಟ್ರು ಕಾರಿನ ಗಾಜು ಒರೆಸುತ್ತಿದ್ದರು. ಅತ್ತಿಗೆ ಮೊದಲು ಅಡ್ಡದಾರಿ ಹಿಡಿದರು. ನಾಳೆ ಚಳಿ ಜಾಸ್ತಿಯಂತೆ, ಎಣ್ಣೆ ಇಳಿಸಿ ಐದು-ನಲವತ್ತು ಹಾಕಿ ಎಂದು ಮೇಸ್ತ್ರಿಗೆ ಹೇಳಿದರು.

“ಮೊನ್ನೆ ತಾನೇ ಹಾಕಿದ್ದು. ಇದೇನು ಎಣ್ಣೆನಾ, ಸ್ನಾನದ ನೀರಾ?” ಮೇಸ್ತ್ರಿ ಗೊಣಗಿದ. “ಬುಧವಾರ ಚಳಿಗಾಲ ಶುರುವಾಗಿರ್ಲಿಲ್ವಾ?”

ಮೇಷ್ಟ್ರಿಗೂ ಗೊಂದಲವಾಯಿತು. ಪೆಟ್ರೋಲ್ ಇಳಿದಿದೆ ಎಂದವರು ನೀವೇ, ಈಗ ಮತ್ತೆ ತೆಳು ಎನ್ನುವವರೂ ನೀವೇ, ಒಂದು ಮಾತು ಮೇಡಂನ ಕೇಳಿಬಿಡೋಣ ಎಂದರು. ಶನಿವಾರ ಅರ್ಧ ದಿನವಾದ್ದರಿಂದ ನಾದಿನಿ ಆಗಷ್ಟೇ ಬೀದಿಯ ತಿರುವಿನಲ್ಲಿ ಬರುತ್ತಿದ್ದಳು. ಮೇಷ್ಟ್ರು ಕೈಬೀಸಿ ಕರೆದು ವಿಷಯ ಹೇಳಿದರು. ಅಕ್ಕಪಕ್ಕದ ಗ್ಯಾರೇಜಿನ ಮೂರ್ನಾಲ್ಕು ಮಂದಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು.

“ಹನಿ ಒಂದ್ಸಲ ನೋಡ್ಬಹುದಾ ಅತ್ತಿಗೆ?” ಎಂದಳು ನಾದಿನಿ.

ಅತ್ತಿಗೆ ಎರಡೂ ಕಾಗದಗಳನ್ನು ತೆಗೆದು ಕಾರಿನ ಬಾನೆಟ್ಟಿನ ಮೇಲೆ ಅಕ್ಕಪಕ್ಕ ಇಟ್ಟರು. ನಾದಿನಿ ಬಿಳಿಯದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು.

“ಇದು ನನ್ನ ಪೇಪರು.”

“ಹೌದು. ನಿನ್ನ ಡಬ್ಬಿಯಿಂದ ತಗೊಂಡೆ, ಕೇಳ್ದೇನೇ. ಇದ್ರಲ್ಲಿ ಹನಿ ಹೆಚ್ಚು ಹರಡುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ನನ್ನ ಕಣ್ಣು ಕ್ಯಾಲೆಂಡರಿಗೆ ಪಳಗಿದ್ದು.” ಅತ್ತಿಗೆ ಮೇಷ್ಟ್ರ ಕಡೆ ತಿರುಗಿದರು. “ಪೆಟ್ರೋಲ್ ಇಳಿದಿರ್ಲಿಲ್ಲ ಮೇಷ್ಟ್ರೇ. ನಾನು ತಪ್ಪು ಓದಿದೆ. ಇವಳು ಹೇಳಿದ್ದೇ ಸರಿ. ಇನ್ನೊಂದ್ಸಲ ಈ ಎಣ್ಣೇಲಿ ಸ್ಟಾರ್ಟ್ ಮಾಡ್ಬೇಡಿ.”

ಕಾರಿನಡಿಗೆ ತಟ್ಟೆ ತಳ್ಳುತ್ತಿದ್ದ ಮೇಸ್ತ್ರಿಗೆ ತಡೆಯಲಾಗಲಿಲ್ಲ.

“ಮನೆ ತುಂಬ ಕ್ಯಾಲೆಂಡರ್ ಇಟ್ಕೊಂಡು ಮೇಡಂ ಕಾಗದ ಯಾಕೆ ಬೇಕಿತ್ತು ಅತ್ತಿಗೆ?”

“ಹೊಟ್ಟೆಕಿಚ್ಚು,” ಎಂದರು ಅತ್ತಿಗೆ. “ಇನ್ನೇನು? ಮಾತು ಸಾಕು, ಬೋಲ್ಟ್ ಬಿಚ್ಚಿ.”

ಎಣ್ಣೆ ಪೂರ್ತಿ ಇಳಿಯುವವರೆಗೂ ಅತ್ತಿಗೆ ಅಲ್ಲೇ ನಿಂತಿದ್ದರು. ಫಿಲ್ಟರನ್ನೂ ಬದಲಾಯಿಸಿದರು. ಹೊಸ ಐದು-ನಲವತ್ತನ್ನು ತಾವೇ ಸುರಿದರು. ಸ್ಟಾರ್ಟ್ ಮಾಡಿದಾಗ ದೀಪ ಒಂದು ಎಣಿಸುವುದರೊಳಗೆ ಆರಿತು, ಟಕಟಕ ಸದ್ದಿಲ್ಲ. ಟರ್ಬೊಗೆ ಏನಾದರೂ ಪೆಟ್ಟಾಗಿದೆಯೇ ಎಂದು ಮೇಸ್ತ್ರಿ ಪೈಪು ಬಿಚ್ಚಿ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ, ಬಚಾವ್ ಎಂದು ಗೊಣಗಿದ. ಅವನು ಗೊಣಗಿದ್ದು ಅಷ್ಟು ಇಂಪಾಗಿ ಎಂದೂ ಕೇಳಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದರು. ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಕಣ್ಣೀರಿಗೆ ಒಂದು ನೆಪ ಇದ್ದದ್ದು ಒಳ್ಳೆಯದೇ ಆಯಿತು.

“ನಾಲ್ಕು ಹಾಳೆ ಕಮ್ಮಿ ಇತ್ತು,” ಎಂದಳು ನಾದಿನಿ. “ಇಲಿ ಅಂದ್ಕೊಂಡಿದ್ದೆ.”

“ಇಲಿ ಬೋನು ಇಡ್ಲಿಲ್ಲ ತಾನೇ?”

“ಅಣ್ಣಂಗೆ ತರೋಕೆ ಹೇಳಿದೀನಿ.”

ಅತ್ತಿಗೆ ನಕ್ಕರು. ನಕ್ಕರೂ ಒಳಗಿನ ಉರಿ ಆರಿರಲಿಲ್ಲ. ಅವಳು ಇಷ್ಟು ಸುಲಭವಾಗಿ ಮರೆತುಬಿಡುತ್ತಾಳಲ್ಲ ಎಂಬುದೇ ಹೊಸ ಉರಿಯಾಗಿ ಹತ್ತಿತು.

ಭಾನುವಾರ ಮೇಷ್ಟ್ರು ಒಂಬತ್ತು ಕಾರುಗಳಲ್ಲಿ ಮೂರನೆಯವರಾಗಿ ಬಂದರು. ಬೀದಿಗೆ ಹಿಂತಿರುಗಿ, ಹಳದಿ ಕಾರಿನ ಪಕ್ಕ ಮೇಡಂ ಜೊತೆ ಫೋಟೊ ತೆಗೆಸಿಕೊಂಡರು. ಅತ್ತಿಗೆಯನ್ನೂ ಕರೆದರು. ಅವರು ಬಂದು ಅಂಚಿನಲ್ಲಿ ನಿಂತರು. ಆ ಫೋಟೊ ಈಗಲೂ ಅಂಗಡಿಯಲ್ಲಿದೆ. ಅದರಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅತ್ತಿಗೆ ನಾದಿನಿಯ ಬಿಳಿ ಕೈಗಳನ್ನು ನೋಡುತ್ತಿದ್ದಾರೆ. ಸೋಮವಾರ ರಿಪೋರ್ಟ್ ಬಂತು. ಪೆಟ್ರೋಲ್ ಇಲ್ಲ. ನಾದಿನಿ ಅದನ್ನು ಮಡಚಿಡಲಿಲ್ಲ, ತಂದು ಕೌಂಟರಿನ ಮೇಲಿಟ್ಟಳು. ಅದಕ್ಕಾಗಿ ಅತ್ತಿಗೆ ಒಳಗೊಳಗೇ ಅವಳನ್ನು ಮೆಚ್ಚಿದರು.

ಬೀದಿಯವರು ಒಂದು ವಾರ ಅತ್ತಿಗೆಯ ಹೊಟ್ಟೆಕಿಚ್ಚನ್ನೇ ಮಾತಾಡಿಕೊಂಡು ನಕ್ಕರು. ಆಮೇಲೆ ಮತ್ತೆ ಹನಿ ತರತೊಡಗಿದರು, ಮೊದಲಿಗಿಂತ ಹೆಚ್ಚೇ. ತಪ್ಪು ಓದಿದೆ ಎಂದು ನಾಲ್ಕು ಜನರೆದುರು ಹೇಳಬಲ್ಲವರು, ಸರಿ ಓದಿದೆ ಎಂದಾಗ ನಂಬಬಹುದು ಎಂದು ಮೇಸ್ತ್ರಿ ಗೊಣಗಿಕೊಂಡಿದ್ದನಂತೆ.

ತಿಂಗಳು ಕಳೆದ ಮೇಲೆ ನಾದಿನಿ ಒಂದು ರಜೆಯ ದಿನ ಕೌಂಟರಿನ ಹಿಂದೆ ಬಂದು ಕೂತಳು, ಸಣ್ಣವಳಿದ್ದಾಗ ಕೂರುತ್ತಿದ್ದ ಮೂಲೆಯಲ್ಲೇ. ಲ್ಯಾಬಿನಲ್ಲಿ ಒಂದು ಫಲಿತಾಂಶಕ್ಕೆ ವಾರ ಕಾಯಬೇಕು, ನೀವು ಮಧ್ಯಾಹ್ನದೊಳಗೆ ಹೇಳುತ್ತೀರಿ, ನನಗೂ ಹನಿ ಓದುವುದನ್ನು ಕಲಿಸಿ, ಕ್ಯಾಲೆಂಡರ್ ಹಾಳೆಯ ಮೇಲೆಯೇ ಕಲಿಸಿ ಎಂದಳು. ಅತ್ತಿಗೆ ಕೂಡಲೇ ಒಪ್ಪಿದರು. ಮುಂದಿನ ರಜೆಯ ದಿನ ಒಂದು ಕಟ್ಟು ಹಾಳೆಗಳನ್ನು ತಂದುಕೊಟ್ಟು, ಲೋಟದ ಮೇಲೆ ಹೇಗಿಡಬೇಕು, ಯಾವ ಬೆಳಕಿಗೆ ಹಿಡಿದು ನೋಡಬೇಕು ಎಂದು ತಾಳ್ಮೆಯಿಂದ ತೋರಿಸಿದರು.

ಕೊಟ್ಟದ್ದು ಮಾತ್ರ ಹೋದ ವರ್ಷದ ತೆಳು ಹಾಳೆಯ ಕ್ಯಾಲೆಂಡರುಗಳು. ದಪ್ಪ ಹಾಳೆಯವನ್ನೆಲ್ಲ ಹಿಂದಿನ ದಿನವೇ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು. ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ ಎಲ್ಲವೂ ಒಂದೇ ವರ್ಷದಲ್ಲಿ ಯಾಕೆ ಬೇಕು?